ಬಿದ್ದ ಮಳೆ ಬೇರೆ, ಬೀಳಲಿರುವ ಮಳೆ ಬೇರೆ

ಮಾನ್ಯ ಸಂಪಾದಕರೇ,

ಪತ್ರಿಕೆಗಳ ಪುರವಣಿಗಳಲ್ಲಿ ‘ವರ್ತಮಾನದಲ್ಲಿ ಬದುಕಿ’ ಎಂಬ ಸಲಹೆ ಮೇಲಿಂದ ಮೇಲೆ ಕಾಣುತ್ತದೆ. ಹೇಗೆ ಎಂಬುದು ಮಾತ್ರ ಇರುವುದಿಲ್ಲ. ಮುಂಗಾರು ಹಿಡಿದ ಮೇಲೆ ಕೊಡಗಿನಲ್ಲಿ ಈ ಮಾತು ಓದಿದವರಿಗೆ ಸಿಟ್ಟು ಬಂದರೂ ತಪ್ಪಿಲ್ಲ. ಮನೆ ಹಿಂದಿನ ಬರೆ (ಗುಡ್ಡದ ಕಡಿದಾದ ಮಣ್ಣಿನ ಗೋಡೆ) ನಿಲ್ಲುತ್ತದೋ ಜಾರುತ್ತದೋ ಎಂದು ರಾತ್ರಿಯೆಲ್ಲ ಕಿವಿಗೊಟ್ಟು ಮಲಗಿದವರಿಗೆ ‘ನಾಳೆಯ ಚಿಂತೆ ಬಿಡಿ’ ಎನ್ನುವುದು ಉಡಾಫೆಯಾಗುತ್ತದೆ. ಚಿಂತೆಯನ್ನು ಬಿಡಿಸುವುದು ವರ್ತಮಾನದಲ್ಲಿರುವ ಈ ಧ್ಯಾನಾಭ್ಯಾಸದ ಗುರಿಯೇ ಅಲ್ಲ. ಮನಸ್ಸು ಈಗ ಎಲ್ಲಿ ಹೋಗಿದೆ ಎಂದು ಕಂಡುಕೊಂಡು ಕೈಯಲ್ಲಿರುವ ಕೆಲಸಕ್ಕೆ ಕರೆತರುವುದು, ಮತ್ತೆ ಹೋದರೆ ಮತ್ತೆ ಕರೆತರುವುದು, ಅಷ್ಟೇ ಅದರ ಕೆಲಸ.

ಅದಕ್ಕೆ ಬೇಕಾದ ಸಾಮಾನು ಇಲ್ಲಿನ ಎಷ್ಟೋ ತೋಟದ ಮನೆಗಳ ಅಂಗಳದಲ್ಲೇ ಇದೆ: ಮಳೆ ಮಾಪಕ. ದಿನವೂ ಬೆಳಿಗ್ಗೆ ಒಂದೇ ಹೊತ್ತಿಗೆ ಅಳೆದು, ಇಂಚು, ಸೆಂಟ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ಪುಸ್ತಕಕ್ಕೆ ಬರೆದಿಡುವ ರೂಢಿ ಹಳೆಯದು. ಮಾಪಕ ಬಿದ್ದ ಮಳೆಯ ಲೆಕ್ಕ ಹೇಳುತ್ತದೆ, ಬೀಳಲಿರುವುದರ ಗೊಡವೆಗೆ ಹೋಗುವುದಿಲ್ಲ. ಈ ಮೂರು ನಿಮಿಷದ ಕೆಲಸವನ್ನೇ ಅಭ್ಯಾಸ ಮಾಡಿಕೊಳ್ಳಬಹುದು.

ಫೋನನ್ನು ಒಳಗೇ ಬಿಟ್ಟು ಹೊರಡಿ. ಮಾಪಕದ ಮುಂದೆ ನಿಂತು, ಅಂಗಾಲು ನೆಲಕ್ಕೆ ಒತ್ತಿರುವುದನ್ನು ಮೊದಲು ಗಮನಿಸಿ. ಗಂಬೂಟಿನೊಳಗೂ ಅದು ತಿಳಿಯುತ್ತದೆ. ಕೇಳುವ ಸದ್ದುಗಳಲ್ಲಿ ಮೂರನ್ನು ಬೇರೆಬೇರೆ ಮಾಡಿ ಕೇಳಿ: ತಗಡಿನ ಮೇಲಿನ ಹನಿ, ಸಿಲ್ವರ್ ಮರದಿಂದ ತೊಟ್ಟಿಕ್ಕುವ ನೀರು, ದೂರದ ತೋಡು (ಸಣ್ಣ ಹಳ್ಳ). ಆಮೇಲೆ ಅಳತೆಯ ಗಾಜನ್ನು ಕಣ್ಣಿನ ಮಟ್ಟಕ್ಕೆ ಹಿಡಿಯಿರಿ. ನೀರು ಗಾಜಿನ ಅಂಚಿನಲ್ಲಿ ಸ್ವಲ್ಪ ಏರಿ, ನಡುವೆ ತಗ್ಗಿರುತ್ತದೆ. ಓದಬೇಕಾದ್ದು ಆ ತಗ್ಗನ್ನು. ಅವಸರದಲ್ಲಿ ಮೇಲಿನಿಂದ ಇಣುಕಿದರೆ ಅಂಕಿ ತಪ್ಪುತ್ತದೆ. ಗಮನ ಎಲ್ಲೋ ಇತ್ತು ಎಂಬುದಕ್ಕೆ ಅದೇ ಸಾಕ್ಷಿ.

ಬರೆಯಲು ಕೂತಾಗ ಮನಸ್ಸು ‘ಇನ್ನು ನಾಲ್ಕು ದಿನ ಹೀಗೇ ಹೊಡೆದರೆ?’ ಎನ್ನದೆ ಇರುವುದಿಲ್ಲ. ಎನ್ನಲಿ. ಅದರೊಡನೆ ವಾದಕ್ಕೆ ಇಳಿಯಬೇಡಿ. ಪುಟದ ಎಡಕ್ಕೆ ಮಳೆಯ ಅಂಕಿ ಬರೆದು, ಬಲಕ್ಕೆ ಆ ಚಿಂತೆಯನ್ನು ಬಂದ ಮಾತಿನಲ್ಲೇ ಬರೆಯಿರಿ. ಅದಕ್ಕೆ ಇವತ್ತು ಮಾಡಬಹುದಾದ ಕೆಲಸವೇನಾದರೂ ಇದ್ದರೆ ಹೊತ್ತು ಸಮೇತ ನಮೂದಿಸಿ: ‘10 ಗಂಟೆ, ಹಿಂದಿನ ಚರಂಡಿಯ ಎಲೆ ತೆಗೆಸುವುದು.’ ಏನೂ ಇಲ್ಲದಿದ್ದರೆ ಎದುರಿಗೆ ‘ಯೋಚನೆ’ ಎಂದಷ್ಟೇ ಬರೆದು ಪುಸ್ತಕ ಮುಚ್ಚಿ. ಮಧ್ಯಾಹ್ನ ಅದೇ ಚಿಂತೆ ತಿರುಗಿ ಬಂದಾಗ ‘ಪುಸ್ತಕದಲ್ಲಿದೆ’ ಎನ್ನಲು ಆಗುತ್ತದೆ.

ಇಲ್ಲೊಂದು ಎಚ್ಚರಿಕೆ. ನೆಲದಲ್ಲಿ ಹೊಸ ಬಿರುಕು, ಇದ್ದಕ್ಕಿದ್ದಂತೆ ವಾಲಿದ ಮರ, ತಿಳಿಯಾಗಿದ್ದ ಒರತೆ ಕೆಸರಾಗಿ ಹರಿಯುವುದು ಕಂಡರೆ ಅದನ್ನು ‘ಯೋಚನೆ’ಯ ಸಾಲಿಗೆ ಸೇರಿಸಬಾರದು. ಕೂಡಲೇ ಮನೆ ಬಿಟ್ಟು ಹೊರಡಬೇಕು. 2018ರಲ್ಲಿ ಮಕ್ಕಂದೂರು, ಜೋಡುಪಾಲ, 2019ರಲ್ಲಿ ತೋರ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿದದ್ದನ್ನು ಕಂಡ ಜಿಲ್ಲೆಗೆ ಹೆಚ್ಚು ಹೇಳಬೇಕಾಗಿಲ್ಲ.

ಮಳೆಯ ಹಾಗೆಯೇ ಕಾಫಿ ದರದ ಗೀಳು. ರೋಬಸ್ಟಾದ ವಾಯಿದಾ ದರ (ಮುಂದೆ ಕೊಡುವ ಮಾಲಿಗೆ ಈಗಲೇ ಕುದುರುವ ದರ) ಲಂಡನ್ನಿನಲ್ಲಿ, ಅರೇಬಿಕಾದ್ದು ನ್ಯೂಯಾರ್ಕಿನಲ್ಲಿ ತೀರ್ಮಾನವಾಗುತ್ತದೆ. ಲಂಡನ್ ಮಾರುಕಟ್ಟೆಯ ಬಾಗಿಲು ತೆರೆಯುವಾಗ ನಮ್ಮಲ್ಲಿ ಮಧ್ಯಾಹ್ನ. ಬೆಳಿಗ್ಗೆ ಕಡುಬು ತಿನ್ನುತ್ತ ಫೋನಿನಲ್ಲಿ ನೋಡುವ ದರ ನಿನ್ನೆಯದೇ! ಆ ದಿನ ಮೂಟೆ ಮಾರುವ ಯೋಚನೆ ಇಲ್ಲದಿದ್ದರೆ ಸಂಜೆ ಒಮ್ಮೆ ನೋಡಿದರೆ ಧಾರಾಳವಾಯಿತು.

ಹಾರ್ವರ್ಡ್ ವಿಶ್ವವಿದ್ಯಾಲಯದ ಕಿಲಿಂಗ್ಸ್‌ವರ್ತ್ ಮತ್ತು ಗಿಲ್ಬರ್ಟ್ 2,250 ಜನರನ್ನು ದಿನದ ನಡುವೆ ಫೋನಿನಲ್ಲಿ ವಿಚಾರಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಎಚ್ಚರವಿರುವ ಹೊತ್ತಿನ ಸುಮಾರು 47 ಶೇಕಡಾ ಭಾಗ ಮನಸ್ಸು ಮಾಡುತ್ತಿರುವ ಕೆಲಸದಲ್ಲಿ ಇರುವುದಿಲ್ಲ. ಹಿತವಾದ ವಿಷಯದ ಕಡೆಗೆ ಹೋದಾಗಲೂ, ಕೆಲಸದಲ್ಲೇ ಇದ್ದಾಗಿನದಕ್ಕಿಂತ ಹೆಚ್ಚು ಸಂತೋಷವೇನೂ ಸಿಕ್ಕಿರಲಿಲ್ಲ.

ತೋಟ, ಮಾಪಕ ಇಲ್ಲದವರಿಗೆ ಬೆಲ್ಲದ ಕಾಫಿ ಸಾಕು. ಅಮೆರಿಕದ ಜಾನ್ ಕಬಾಟ್-ಝಿನ್ 1979ರಲ್ಲಿ ಶುರು ಮಾಡಿದ ಎಂಟು ವಾರದ ತರಬೇತಿಯಲ್ಲಿ ಒಂದು ಒಣದ್ರಾಕ್ಷಿಯನ್ನು ನೋಡಿ, ಮೂಸಿ, ನಿಧಾನವಾಗಿ ಅಗಿದು ತಿನ್ನಿಸುತ್ತಾರೆ. ಅದನ್ನೇ ಕಾಫಿಯ ಮೊದಲ ಮೂರು ಗುಟುಕಿಗೆ ಹಚ್ಚಿ. ಲೋಟದ ಬಿಸಿ ಯಾವ ಬೆರಳಿಗೆ ಮೊದಲು ತಟ್ಟಿತು, ಬೆಲ್ಲದ ಸಿಹಿ ಎಲ್ಲಿ ಮುಗಿದು ಕಹಿ ಎಲ್ಲಿಂದ ಶುರುವಾಯಿತು, ನುಂಗಿದ ಮೇಲೆ ಬಾಯಲ್ಲಿ ಏನು ಉಳಿಯಿತು ಎಂದು ನೋಡಿ. ನಾಲ್ಕನೆಯ ಗುಟುಕಿನಿಂದ ಹರಟೆ ಹೊಡೆಯಲು ಅಡ್ಡಿಯಿಲ್ಲ.

ಧ್ಯಾನಕ್ಕೆ ಕೂತು ಉಸಿರು ಎಣಿಸುವವರು ಎಡವುವುದು ಹೆಚ್ಚಾಗಿ ಎರಡು ಕಡೆ. ಉಸಿರು ಹೊರಹೋದಾಗಲೆಲ್ಲ ಒಂದರಂತೆ ಹತ್ತರವರೆಗೆ ಎಣಿಸಿ, ಮತ್ತೆ ಒಂದರಿಂದ ಶುರು ಮಾಡುವುದು ಕ್ರಮ. ಮೊದಲ ವಾರಕ್ಕೆ ಐದು ನಿಮಿಷ ಸಾಕು. ಲೆಕ್ಕ ತಪ್ಪಿದಾಗ, ಅಥವಾ ಹದಿನಾಲ್ಕಕ್ಕೆ ಬಂದಿರುವುದು ಗೊತ್ತಾದಾಗ, ‘ನನಗಿದು ಒಗ್ಗುವುದಿಲ್ಲ’ ಎಂದು ಎದ್ದುಬಿಡುತ್ತಾರೆ. ಇಂಥ ಗಮನಕ್ಕೆ ಬೌದ್ಧ ಗ್ರಂಥಗಳ ಪಾಲಿ ಭಾಷೆಯಲ್ಲಿರುವ ‘ಸತಿ’ ಎಂಬ ಪದದ ಮೂಲಾರ್ಥ ನೆನಪು. ಮರೆತದ್ದು ನೆನಪಾದ ಆ ಗಳಿಗೆಯೇ ಅಭ್ಯಾಸ. ಒಂದರಿಂದ ಮತ್ತೆ ಎಣಿಸಿದರಾಯಿತು. ಇನ್ನು ಕೆಲವರು ಉಸಿರನ್ನು ಬೇಕೆಂದೇ ಜೋರಾಗಿ ಎಳೆದೆಳೆದು ಬಿಡುತ್ತಾರೆ. ತಲೆ ಹಗುರಾಗುತ್ತದೆ, ಬೆರಳ ತುದಿ ಜುಮುಜುಮು ಎನ್ನುತ್ತದೆ. ಧ್ಯಾನ ಹತ್ತಿತು ಎಂದು ಖುಷಿಪಡಬೇಡಿ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದಿದೆ ಅಷ್ಟೇ. ಉಸಿರನ್ನು ಅದರ ಪಾಡಿಗೆ ಬಿಡಿ. ಊಟವಾದ ಕೂಡಲೇ ಕೂರಬೇಡಿ, ನಿದ್ದೆ ಬರುತ್ತದೆ.

ಕುಸಿತವನ್ನು ಕಣ್ಣಾರೆ ಕಂಡವರು ಜೋರು ಮಳೆಯಲ್ಲಿ ಕಣ್ಣು ಮುಚ್ಚಿ ಕೂರುವುದು ಬೇಡ. ಆ ಸದ್ದಿಗೆ ಹಳೆಯ ದೃಶ್ಯವೇ ಎದುರು ಬಂದು ನಿಲ್ಲಬಹುದು. ಕಣ್ಣು ತೆರೆದೇ ಇರಲಿ. ಒಂದು ಕಲ್ಲನ್ನೋ ಬೀಗದ ಕೈಯನ್ನೋ ಅಂಗೈಯಲ್ಲಿ ಒತ್ತಿ ಹಿಡಿದು ಅದರ ತಂಪು, ಭಾರ, ಅಂಚುಗಳನ್ನು ಗಮನಿಸಲಿ, ಎದುರಿಗಿರುವ ಐದು ವಸ್ತುಗಳ ಹೆಸರನ್ನು ಬಾಯಿಬಿಟ್ಟು ಹೇಳಲಿ. ಎದೆ ಹೊಡೆದುಕೊಳ್ಳುವುದು, ನಿದ್ದೆಗೆಡುವುದು ವಾರಗಟ್ಟಲೆ ನಿಲ್ಲದಿದ್ದರೆ ಇಂಥ ಮನೆಮದ್ದು ಸಾಲದು, ವೈದ್ಯರನ್ನು ಕಾಣಬೇಕು. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಮಳೆಗಾಲ ಮುಗಿಯುವ ತನಕ ಮಳೆಯ ಅಂಕಿ-ಅಂಶದ ಪಕ್ಕದಲ್ಲೇ ಈ ಸಂಖ್ಯೆಯನ್ನೂ ದಿನವೂ ಮುದ್ರಿಸಬೇಕೆಂದು ಕೋರುತ್ತೇವೆ. ಒಂದು ಸಾಲಿನ ಜಾಗ ಸಾಕು.

ಇತಿ,
ಧ್ಯಾನಾಭ್ಯಾಸ ಹೇಳಿಕೊಡುವ ಓದುಗರು,
ಮಡಿಕೇರಿ