ನಿಮ್ಮ ಡಬ್ಬಿಗಳು ನಮ್ಮ ಮನೆಯಲ್ಲಿವೆ

ನಮ್ಮ ಚರ್ಚಿನ ಎಲ್ಲರಿಗೂ,

ಹೋದ ವಾರ ನನ್ನ ಹೆಂಡತಿಯ ಕೀಮೋ ಮುಗಿಯಿತು. 21 ದಿನಕ್ಕೊಂದರಂತೆ ಒಟ್ಟು ಆರು. ಸ್ಕ್ಯಾನ್ ಇನ್ನೂ ಬಾಕಿ ಇದೆ. ಥ್ಯಾಂಕ್ಸ್ ಹೇಳೋಕೆ ಅದರ ರಿಪೋರ್ಟ್ ಬರೋ ತನಕ ಯಾಕೆ ಕಾಯಬೇಕು ಅಂತ ಇವಳೇ ಕೇಳಿದಳು. ಅದಕ್ಕೇ ಈಗಲೇ ಬರೆಯುತ್ತಿದ್ದೇನೆ.

ಮೊದಲು ಒಂದು ತಪ್ಪು ಒಪ್ಪಿಕೊಳ್ಳಬೇಕು. ಕಾಯಿಲೆ ಏನೆಂದು ಗೊತ್ತಾದ ವಾರ ಫಾದರ್ ಕಾಯಿಲೆಯವರಿಗೆ ಹಚ್ಚಿ ಪ್ರಾರ್ಥಿಸುವ ಪವಿತ್ರ ತೈಲ ಹಿಡಿದು ಮನೆಗೆ ಬಂದರು. ನಾನು ಬಾಗಿಲಿಗೆ ಅಡ್ಡ ನಿಂತೆ, ಒಳಗೆ ಬನ್ನಿ ಅನ್ನಲಿಲ್ಲ. ಆ ಎಣ್ಣೆ ಮನೆಗೆ ಬಂತು ಅಂದರೆ ಕಥೆ ಮುಗಿಯಿತು ಅಂತ ಚಿಕ್ಕಂದಿನಿಂದ ಕೇಳಿ ಬೆಳೆದವನು ನಾನು. ಫಾದರ್ ಬೇಜಾರು ಮಾಡಿಕೊಳ್ಳಲಿಲ್ಲ. ಮೆಟ್ಟಿಲ ಮೇಲೆ ಕೂತು, ನನ್ನನ್ನೂ ಕೂರಿಸಿಕೊಂಡರು. ಸಾಯುವವರಿಗೆ ಮಾತ್ರ ಅನ್ನೋದು ಹಳೇ ರೂಢಿ, 1960ರ ದಶಕದಲ್ಲಿ ಕ್ಯಾಥೋಲಿಕ್ ಬಿಷಪರೆಲ್ಲ ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ ಅದನ್ನು ತಿದ್ದಿತು, 1972ರಲ್ಲಿ ಪೋಪ್ ಆರನೇ ಪೌಲ್ ಹೊಸ ವಿಧಿಯನ್ನೇ ಕೊಟ್ಟರು ಅಂದರು. ದೊಡ್ಡ ಕಾಯಿಲೆ ಬಂದವರು, ಆಪರೇಷನ್‌ಗೆ ಹೋಗುವವರು ಪಡೆಯಬಹುದು. ಕಾಯಿಲೆ ಜಾಸ್ತಿಯಾದರೆ ಮತ್ತೊಮ್ಮೆಯೂ ಪಡೆಯಬಹುದು. "ಬೈಬಲಿನಲ್ಲಿ ಯಾಕೋಬನ ಪತ್ರ ತೆಗೆದು ನೋಡಿ, ಐದನೇ ಅಧ್ಯಾಯ. ಕಾಯಿಲೆ ಬಿದ್ದವನು ಸಭೆಯ ಹಿರಿಯರನ್ನು ಕರೆಸಲಿ ಅಂತಿದೆ. ಸಾಯುವವನು ಅಂತಿಲ್ಲ, ಅಲ್ವಾ?"

ಕೊನೆಗೆ ಒಳಗೆ ಕರೆದೆ. ಫಾದರ್ ಇವಳ ಹಣೆಗೂ ಎರಡೂ ಅಂಗೈಗೂ ಎಣ್ಣೆ ಹಚ್ಚಿದರು. ಸೂಜಿ ಚುಚ್ಚಿ ಕಪ್ಪಾಗಿದ್ದ ಜಾಗಕ್ಕೆ ತಾಗದ ಹಾಗೆ ಇವಳ ಕೈಯನ್ನು ಕೆಳಗಿನಿಂದ ಹಿಡಿದುಕೊಂಡಿದ್ದರು. ಆ ರಾತ್ರಿ ಇವಳು ನಿದ್ದೆ ಮಾಡಿದಳು.

ಆಮೇಲೆ ನೀವೆಲ್ಲ ಬಂದಿರಿ. "ಏನಾದರೂ ಬೇಕಾದರೆ ಹೇಳಿ" ಅಂತ ಕೇಳಿದ್ದರೆ ನಾನು ಸುಮ್ನೆ ಬೇಡ ಅಂದುಬಿಡುತ್ತಿದ್ದೆ. ನೀವು ಕೇಳಲೇ ಇಲ್ಲ. ಮಂಗಳವಾರ ಕಾರು ತರುತ್ತೇವೆ ಅಂದಿರಿ, ತಂದಿರಿ. ಕೀಮೋ ಆಗಿ ಏಳರಿಂದ ಹದಿನಾಲ್ಕು ದಿನದ ಹೊತ್ತಿಗೆ ಬಿಳಿ ರಕ್ತಕಣ ಇಳಿದಿರುತ್ತದೆ, ಸಣ್ಣ ಸೋಂಕೂ ಅಪಾಯ. ಆ ದಿನಗಳಿಗೆ ನೀವು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದಿರಿ ಅಂತ ನನಗೆ ತಿಳಿದದ್ದು ಎಷ್ಟೋ ದಿನದ ಮೇಲೆ. ಆಗೆಲ್ಲ ಒಬ್ಬರೂ ಬೆಲ್ ಒತ್ತಲಿಲ್ಲ. ಊಟದ ಡಬ್ಬಿ ಬಾಗಿಲ ಹೊರಗಿಟ್ಟು, ದೂರ ಹೋಗಿ ಫೋನ್ ಮಾಡುತ್ತಿದ್ದಿರಿ. ಪರಮಪ್ರಸಾದ, ಅಂದರೆ ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ, ತರುತ್ತಿದ್ದ ಸಿಸ್ಟರ್‌ಗೆ ಒಮ್ಮೆ ಕೆಮ್ಮು. ಬೇರೆಯವರನ್ನು ಒಳಗೆ ಕಳಿಸಿ, ತಾವು ಕಿಟಕಿಯಾಚೆ ನಿಂತು ಕೈ ಬೀಸಿದರು.

ಕಾರು ಓಡಿಸುತ್ತಿದ್ದ ಹಿರಿಯರು ನಾವು ವಾಪಸ್ ಬರುವವರೆಗೂ ಜಪಸರ ಹಿಡಿದು ಕಾರಲ್ಲೇ ಕೂತಿರುತ್ತಿದ್ದರು. ಒಂದು ದಿನ ಬಂದು ನೋಡಿದರೆ ಗೊರಕೆ! ಜಪಸರ ಸ್ಟಿಯರಿಂಗಿಗೆ ನೇತಾಡುತ್ತಿತ್ತು. ಇವಳು ನಕ್ಕಿದ್ದು ನೋಡಿ ಎಷ್ಟು ದಿನವಾಗಿತ್ತೋ.

ನಂಬಿಕೆ ಗಟ್ಟಿಯಿದ್ದಿದ್ದರೆ ಇಷ್ಟೊತ್ತಿಗೆ ವಾಸಿಯಾಗುತ್ತಿತ್ತು ಅಂದವರೂ ಒಬ್ಬರಿದ್ದರು. ಇವಳು ಅವತ್ತು ಊಟ ಮಾಡಲಿಲ್ಲ. ಹೋಗಲಿ ಬಿಡಿ, ಅವರೂ ಡಬ್ಬಿ ತಂದಿದ್ದರು.

ಡಬ್ಬಿ ಅಂದಾಗ ನೆನಪಾಯಿತು. ನಮ್ಮ ಮನೆಯಲ್ಲಿ ನಿಮ್ಮವು ಒಂಬತ್ತು ಡಬ್ಬಿ, ಎಂಟು ಮುಚ್ಚಳ ಉಳಿದಿವೆ. ಯಾವುದರ ಮೇಲೂ ಹೆಸರಿಲ್ಲ. ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಬಾಗಿಲ ಹತ್ತಿರ ಇಟ್ಟುಕೊಂಡು ನಿಂತಿರುತ್ತೇನೆ. ನೋಡಿ ತೆಗೆದುಕೊಳ್ಳಿ. ಒಂಬತ್ತನೇ ಮುಚ್ಚಳ ಇನ್ನೂ ಹುಡುಕುತ್ತಿದ್ದೇನೆ.