ಗ್ರಾಫಿಕ್ಸ್ ಕಾರ್ಡನ್ನು ಗುಜರಿಗೆ ಹಾಕುವ ಮುನ್ನ

ಮಾನ್ಯ ಸಂಪಾದಕರೇ,

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ದಾವಣಗೆರೆಯ ಡಿಟಿಪಿ ಅಂಗಡಿ, ಕಾಲೇಜು ಲ್ಯಾಬುಗಳಲ್ಲಿ ಹಳೇ ಕಂಪ್ಯೂಟರಿಗೆ ವಿಂಡೋಸ್ 11 ಹಾಕಲು ಹೊರಟವರು ಬಯಾಸ್‌ನಲ್ಲಿ (ಯಂತ್ರವನ್ನು ಏಳಿಸುವ ಪ್ರೋಗ್ರಾಂ) ಸಿಎಸ್‌ಎಂ, ಅಂದರೆ ಹಳೇ ಬಯಾಸ್ ಕೋಡನ್ನೂ ನಡೆಸಿಕೊಡುವ ಹೊಂದಾಣಿಕೆ ಸೌಲಭ್ಯ, ಆಫ್ ಮಾಡುತ್ತಾರೆ. ಮರುಕ್ಷಣ ‘ನೋ ಡಿಸ್‌ಪ್ಲೇ’. ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಕಾರ್ಡ್ ಹೋಯಿತೆಂದು ಗುಜರಿಗೆ ಹಾಕುತ್ತಾರೆ. ಎಷ್ಟೋ ಸಲ ಅದು ಕೆಟ್ಟಿರುವುದೇ ಇಲ್ಲ.

ಕಾರ್ಡಿನ ಮೇಲೆ ಆಪ್ಷನ್ ರಾಮ್ ಎಂಬ ಪುಟ್ಟ ಪ್ರೋಗ್ರಾಂ ಇರುತ್ತದೆ (ಮೆಮೊರಿಯ ರ‍್ಯಾಮ್ ಬೇರೆ). ಸ್ವಿಚ್ ಒತ್ತಿದಾಗ ಮದರ್‌ಬೋರ್ಡ್ ಅದನ್ನು ಓದಿ ನಡೆಸಿದರಷ್ಟೇ ಪರದೆ ಬೆಳಗುವುದು. 2012ಕ್ಕಿಂತ ಹಿಂದಿನ ಕಾರ್ಡುಗಳಲ್ಲಿ ಸಾಮಾನ್ಯವಾಗಿ ಹಳೇ ಬಯಾಸ್‌ನ 16 ಬಿಟ್ ಕೋಡ್ ಮಾತ್ರ ಇರುತ್ತದೆ. ಸಿಎಸ್‌ಎಂ ಇಲ್ಲದ ಯುಇಎಫ್‌ಐ (ಹಳೇ ಬಯಾಸ್‌ನ ಜಾಗಕ್ಕೆ ಬಂದ ಹೊಸ ವ್ಯವಸ್ಥೆ) ಅದನ್ನು ಮುಟ್ಟುವುದಿಲ್ಲ.

ಸಿಎಸ್‌ಎಂ ಆಫ್ ಮಾಡುವ ಮೊದಲೇ ಕಾರ್ಡಿನ ವಿವರ ತೋರಿಸುವ ಜಿಪಿಯು-ಜೆಡ್ ಪ್ರೋಗ್ರಾಂ ತೆರೆದು ‘ಯುಇಎಫ್‌ಐ’ ಚೌಕದಲ್ಲಿ ಟಿಕ್ ಇದೆಯೇ ನೋಡಿ. ಲಿನಕ್ಸ್‌ನಲ್ಲಿ ರಾಮ್ ಫೈಲನ್ನೇ ತೆಗೆದು ಓದಬಹುದು: ಮೊದಲ ಎರಡು ಬೈಟ್ ಹೆಕ್ಸ್ ಲೆಕ್ಕದಲ್ಲಿ 55, ಎಎ; ಮೂರನೆಯದನ್ನು 512ರಿಂದ ಗುಣಿಸಿದರೆ ಆ ಪ್ರೋಗ್ರಾಂನ ಉದ್ದ, ಬೈಟ್‌ಗಳಲ್ಲಿ. ‘ಪಿಸಿಐಆರ್’ ಅಕ್ಷರಗಳು ಶುರುವಾಗುವ ಜಾಗದಿಂದ 20 ಬೈಟ್ ದಾಟಿದರೆ ಸಿಗುವ ಅಂಕಿ 0 ಇದ್ದರೆ ಹಳೇ ಬಯಾಸ್, 3 ಇದ್ದರೆ ಯುಇಎಫ್‌ಐ. ಮೊದಲ 0 ಕಂಡು ಕೈಬಿಡಬೇಡಿ. ಒಂದೇ ಚಿಪ್ಪಿನಲ್ಲಿ ಅದರ ಬೆನ್ನಿಗೇ 3 ಇರುವ ಇನ್ನೊಂದು ಪ್ರೋಗ್ರಾಂ ಕೂಡ ಇರಬಹುದು. 1 ಕಂಡರೆ ಓಪನ್ ಫರ್ಮ್‌ವೇರ್, ಅಂದರೆ ಸಾಮಾನ್ಯವಾಗಿ ಹಳೇ ಪವರ್‌ಪಿಸಿ ಮ್ಯಾಕ್ ಅಥವಾ ಸನ್ ಯಂತ್ರದ ಕಾರ್ಡ್. ಯಾವ ಪ್ರೊಸೆಸರಿಗೂ ಒಗ್ಗುವ ಎಫ್‌ಕೋಡ್ ಅದರಲ್ಲಿತ್ತು. ಯುಇಎಫ್‌ಐನಲ್ಲೂ ಅಂಥದ್ದೇ ಬೈಟ್ ಕೋಡ್ ಇದೆ, ಆದರೆ ಕಾರ್ಡ್ ತಯಾರಕರು ಇಂಟೆಲ್, ಎಎಂಡಿ ಮಾದರಿಯ ಪ್ರೊಸೆಸರಿಗಷ್ಟೇ ಒಗ್ಗುವ ಎಕ್ಸ್86 ಕೋಡನ್ನೇ ತುಂಬಿ ಆ ಅನುಕೂಲವನ್ನು ಹಾಳುಗೆಡವಿದರು.

ಪರದೆ ಈಗಾಗಲೇ ಕಪ್ಪಾಗಿದ್ದರೆ ಕಾರ್ಡ್ ತೆಗೆದು, ಮಾನಿಟರನ್ನು ಮದರ್‌ಬೋರ್ಡಿನ ಪೋರ್ಟಿಗೆ ಹಾಕಿ ಸಿಎಸ್‌ಎಂ ಮತ್ತೆ ಆನ್ ಮಾಡಿ. ಆ ಪೋರ್ಟ್ ಇಲ್ಲದಿದ್ದರೆ ಪವರ್ ಕೇಬಲ್ ಕಿತ್ತು ಮದರ್‌ಬೋರ್ಡಿನ ಸಿಆರ್2032 ಸೆಲ್ಲನ್ನು ಕೆಲವು ನಿಮಿಷ ಹೊರಗಿಡಿ; ಬಯಾಸ್ ಸೆಟ್ಟಿಂಗ್ ಮೂಲಸ್ಥಿತಿಗೆ ಮರಳುತ್ತದೆ. ಸಿಎಸ್‌ಎಂ ಆಫ್ ಇದ್ದಾಗ ಪರದೆ ಬಂದರೂ ವಿಂಡೋಸ್ ಏಳದಿದ್ದರೆ ತಪ್ಪು ಕಾರ್ಡಿನದ್ದಲ್ಲ, ಸಾಮಾನ್ಯವಾಗಿ ಡಿಸ್ಕ್ ಎಂಬಿಆರ್‌ನಲ್ಲೇ (ಡಿಸ್ಕನ್ನು ಭಾಗ ಮಾಡುವ ಹಳೇ ಪದ್ಧತಿ) ಉಳಿದಿರುತ್ತದೆ; ಅದನ್ನು ಮೊದಲೇ ಹೊಸ ಪದ್ಧತಿಯಾದ ಜಿಪಿಟಿಗೆ ಬದಲಿಸಿಕೊಳ್ಳಬೇಕಿತ್ತು. ಕಾರ್ಡಿಗೆ ಹೊಸ ರಾಮ್ ಬರೆಯುವವರು ಹಳೆಯದನ್ನು ಪೆನ್‌ಡ್ರೈವಿಗೆ ಉಳಿಸಿಕೊಳ್ಳಿ, ಯುಪಿಎಸ್ ಇಲ್ಲದೆ ಕೈ ಹಾಕಬೇಡಿ. ಬರೆಯುವಾಗ ಕರೆಂಟ್ ಹೋದರೆ ಕಾರ್ಡ್ ನಿಜಕ್ಕೂ ಹೋದಂತೆಯೇ.

ಸೆಕೆಂಡ್ ಹ್ಯಾಂಡ್ ಕಾರ್ಡ್ ಮಾರುವವರು ಬಿಲ್ಲಿನಲ್ಲಿ ಮೆಮೊರಿ ಎಷ್ಟೆಂದು ಬರೆಯುತ್ತಾರೆ. ‘ಯುಇಎಫ್‌ಐ ಇದೆ’, ‘ಇಲ್ಲ’ ಎಂದೂ ಒಂದು ಸಾಲು ಸೇರಿಸಲಿ. ಕಾಲೇಜುಗಳೂ ಇ-ತ್ಯಾಜ್ಯದ ಹರಾಜಿಗೆ ಮುನ್ನ ‘ಕೆಟ್ಟ’ ಕಾರ್ಡುಗಳನ್ನು ಸಿಎಸ್‌ಎಂ ಆನ್ ಇರುವ ಒಂದು ಯಂತ್ರದಲ್ಲಿ ಹಾಕಿ ನೋಡಲಿ.

– ಕಂಪ್ಯೂಟರ್ ರಿಪೇರಿ ಕೆಲಸಗಾರರು, ದಾವಣಗೆರೆ