ಹತ್ತನೇ ತರಗತಿ ಹೆಣ್ಣುಮಕ್ಕಳ ಮನೆಯವರಿಗೆ

ಆತ್ಮೀಯ ಪೋಷಕರೇ, ನಮಸ್ಕಾರ.

ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂತು. ಅದು ಮುಗಿದ ಬೆನ್ನಿಗೇ ನಮ್ಮ ಸವಣೂರು ಭಾಗದಲ್ಲಿ ಮದುವೆ ಸೀಸನ್ ಶುರು. ಅದಕ್ಕೇ ಈಗಲೇ ಕೇಳಿಕೊಳ್ಳುತ್ತೇನೆ: 18 ತುಂಬದ ಮಗಳ ಮದುವೆ ಮಾಡಬೇಡಿ. ಮನೆಯಲ್ಲಿ ಅದರ ಮಾತನ್ನೂ ಎತ್ತಬೇಡಿ.

ಮಾತೂ ಯಾಕೆ ಬೇಡ? ಪಂಚಮಿಗೆ ತವರಿಗೆ ಬಂದ ಅತ್ತೆ, ಅಣ್ಣನ ಪುಟ್ಟ ಮಗಳನ್ನು ಜೋಕಾಲಿಯಲ್ಲಿ ಕೂರಿಸುತ್ತಾಳೆ. ಬಾಯಿಗೆ ಉಂಡಿ ಇಟ್ಟು, 'ಇಕಿ ನಮ್ಮನಿ ಸೊಸಿ' ಅನ್ನುತ್ತಾಳೆ. ಎಲ್ಲರೂ ನಗುತ್ತಾರೆ. ಪಕ್ಕದಲ್ಲಿ ನಿಂತ ಅವಳ ಮಗನಿಗೂ ಅದೇ ಚೇಷ್ಟೆ. ಇದರಲ್ಲಿ ಯಾರದೂ ಕೆಟ್ಟ ಮನಸ್ಸಿಲ್ಲ, ಬರೀ ಪ್ರೀತಿ. ಆದರೆ ಮಗು ಅದನ್ನೇ ಕೇಳುತ್ತಾ ಬೆಳೆಯುತ್ತದೆ. ದೊಡ್ಡವಳಾದಾಗ ಆರತಿ ಮಾಡಲು ಬಂದವರಲ್ಲಿ ಒಬ್ಬರಾದರೂ 'ಇನ್ನೇನ್ರಿ, ವರ ನೋಡ್ರಿ' ಅಂದೇ ಹೋಗುತ್ತಾರೆ. ರೊಟ್ಟಿ ಬಡಿಯಲು ಕಲಿಸುವಾಗಲೂ 'ನಾಳೆ ಗಂಡನ ಮನೆಯಲ್ಲಿ ಏನ್ ಮಾಡ್ತೀ' ಅನ್ನುವ ಮಾತು. ಅಣ್ಣ ತಮ್ಮಂದಿರಿಗೆ ಮಾತ್ರ 'ಮುಂದೆ ಏನ್ ಓದ್ತೀಯಪ್ಪಾ' ಅಂತ ಕೇಳುತ್ತೇವೆ.

ಹದಿನೈದು ಆಗುವಷ್ಟರಲ್ಲಿ, ತನಗೆ ಇರುವುದು ಇದೊಂದೇ ಅಂತ ಅವಳೇ ನಂಬಿರುತ್ತಾಳೆ. ಆಮೇಲೆ ನಾವು 'ಹುಡುಗಿನೇ ಒಪ್ಪಿದಾಳೆ ಸರ್' ಅನ್ನುತ್ತೇವೆ. ಬೇರೆ ದಾರಿ ಇದೆ ಅಂತ ಅವಳಿಗೆ ಹೇಳಿದ್ದು ಯಾವಾಗ?

ನಿಮ್ಮ ಕಷ್ಟ ನನಗೆ ಗೊತ್ತಿದೆ. ದುಡಿಯಲು ಗೋವಾಕ್ಕೆ ಹೋಗುವವರಿಗೆ ಮಗಳನ್ನು ಯಾರ ಹತ್ತಿರ ಬಿಟ್ಟು ಹೋಗುವುದು ಅನ್ನುವ ಚಿಂತೆ. ಅಕ್ಕನ ಚಪ್ಪರದಲ್ಲೇ ತಂಗಿಯದ್ದೂ ಮುಗಿದರೆ ಖರ್ಚು ಉಳಿಯುತ್ತದೆ. ಅಜ್ಜಿಗೆ ಕಣ್ಣು ಮುಚ್ಚುವುದರೊಳಗೆ ಮೊಮ್ಮಗಳ ಮದುವೆ ನೋಡುವ ಆಸೆ. 'ಉಡಿಯಲ್ಲಿ ಕೆಂಡ ಕಟ್ಟಿಕೊಂಡ ಹಾಗಾಗಿದೆ' ಅಂತ ಹೇಳಿದ ತಾಯಂದಿರೂ ಇದ್ದಾರೆ. ಆ ಭಯ ಸುಳ್ಳಲ್ಲ. ಆದರೆ ಅದರ ಬೆಲೆಯನ್ನು ಮಗಳು ಕೊಡಬೇಕಾ? ಮೈ ಇನ್ನೂ ಬಲಿಯದ ಹುಡುಗಿಗೆ ಬಸಿರು, ಬಾಣಂತನ ಎಷ್ಟು ಅಪಾಯ ಅಂತ ನಿಮ್ಮೂರ ಆಶಾ ಕಾರ್ಯಕರ್ತೆಯನ್ನೇ ಕೇಳಿ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ, ಕರ್ನಾಟಕದಲ್ಲಿ 20ರಿಂದ 24 ವಯಸ್ಸಿನ ನೂರು ಹೆಣ್ಣುಮಕ್ಕಳಲ್ಲಿ ಸುಮಾರು 21 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಐದರಲ್ಲಿ ಒಬ್ಬಳು. ನಮ್ಮ ತರಗತಿಯ ಒಂದು ಬೆಂಚಿನಲ್ಲಿ ಐದು ಹುಡುಗಿಯರು ಕೂರುತ್ತಾರೆ.

ಕಾನೂನು ನಿಮಗೆ ಗೊತ್ತೇ ಇದೆ: ಹುಡುಗಿಗೆ 18, ಹುಡುಗನಿಗೆ 21. ತಪ್ಪಿದರೆ ಎರಡು ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. ಮಾಡಿಸಿದವರಷ್ಟೇ ಅಲ್ಲ, ಗೊತ್ತಿದ್ದೂ ಅಕ್ಷತೆ ಹಾಕಲು ಹೋದವರೂ ಸಿಕ್ಕಿಬೀಳಬಹುದು. ಮಗಳ ಹೆಸರಲ್ಲಿ ಭಾಗ್ಯಲಕ್ಷ್ಮಿ ಬಾಂಡ್ ಇದ್ದರೆ ತೆಗೆದು ಓದಿ. 18ರ ಒಳಗೆ ಮದುವೆ ಮಾಡಿದರೆ ಆ ಹಣವೂ ಸಿಗುವುದಿಲ್ಲ.

ಪಿಯು ಕಾಲೇಜು ದೂರ ಅನ್ನುವವರಿಗೆ ಒಂದು ಮಾತು. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತ. ಒಂದೇ ಊರಿನ ಮೂರ್ನಾಲ್ಕು ಹುಡುಗಿಯರು ಜೊತೆಯಾಗಿ ಸವಣೂರಿಗೆ ಹೋಗಿ ಬಂದರೆ ನಿಮಗೂ ಧೈರ್ಯ. ಊರು ಬಿಟ್ಟು ದುಡಿಯಲು ಹೋಗುವವರು ಮೊದಲು ನನ್ನ ಹತ್ತಿರ ಬನ್ನಿ. ಹಾಸ್ಟೆಲ್ ಅರ್ಜಿ ನಾವೇ ಬರೆದುಕೊಡುತ್ತೇವೆ.

ರಿಸಲ್ಟ್ ಬಂದ ಮೇಲೆ ಟಿಸಿ ಒಯ್ಯಲು ಅಪ್ಪ ಒಬ್ಬರೇ ಬರಬೇಡಿ, ಮಗಳನ್ನೂ ಕರೆದುಕೊಂಡು ಬನ್ನಿ. ಯಾವ ಕಾಲೇಜು, ಯಾವ ವಿಷಯ ಅಂತ ಅವಳ ಬಾಯಿಂದಲೇ ಕೇಳೋಣ. ಎಲ್ಲಾದರೂ ಚಿಕ್ಕ ಹುಡುಗಿಯ ಮದುವೆ ನಿಶ್ಚಯವಾಗಿದೆ ಅಂತ ತಿಳಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ಇಲ್ಲವೇ ನನಗೆ ಹೇಳಿ. ಹೇಳಿದವರ ಹೆಸರು ನನ್ನಿಂದ ಹೊರಗೆ ಹೋಗುವುದಿಲ್ಲ.

ಇಂತಿ ನಿಮ್ಮ,
ಮುಖ್ಯೋಪಾಧ್ಯಾಯರು
ಸರ್ಕಾರಿ ಪ್ರೌಢಶಾಲೆ, ಸವಣೂರು ತಾಲ್ಲೂಕು, ಹಾವೇರಿ ಜಿಲ್ಲೆ